ಗುರುವಾರದ ಸೋಮವಾರ

"ವಾಚಮನ್ ಬ್ಯಾಡ್ರಿ ನಮಗ," ಎಂದಳು ಕಸ್ತೂರಿ, ಒಲೆಯಿಂದ ತಲೆ ಎತ್ತದೆ. "ಈ ಖಾನಾವಳ್ಯಾಗ ಕಳ್ಳ ಬಂದ್ರ ಒಯ್ಯಾಕ ಏನೈತಿ? ನಾಕ ರೊಟ್ಟಿ."

ಸೈನ್ಯ ಬಿಟ್ಟು ಬಂದವರು ಗೋಕಾಕದಲ್ಲಿ ಬ್ಯಾಂಕಿನ ಬಾಗಿಲಲ್ಲೋ ಎಟಿಎಂ ಮುಂದೋ ನಿಲ್ಲುವುದನ್ನೇ ಅವಳು ಕಂಡಿದ್ದಳು. ಈ ಮನುಷ್ಯನೂ ಮಿಲಿಟರಿ ಚೀಲ ಹೆಗಲಿಗೇರಿಸಿ ನೆಟ್ಟಗೆ ನಿಂತಿದ್ದ.

"ಕಾಯಾಕ ಅಲ್ರಿ. ರೊಟ್ಟಿ ಬಡಿಯಾಕ ಕಲೀಬೇಕು."

ಅವಳು ತಲೆ ಎತ್ತಿದಳು. ಅವನ ತುಟಿ ನಗುತ್ತಿರಲಿಲ್ಲ, ಕಣ್ಣು ನಗುತ್ತಿತ್ತು.

ಹೆಸರು ದುರ್ಗೇಶ, ಊರು ಕೌಜಲಗಿ. ಹಿಮದ ಠಾಣೆಯೊಂದರಲ್ಲಿ ಅಡುಗೆಯವನು ಕಾಯಿಲೆ ಬಿದ್ದಾಗ ಬಂದೂಕು ಇಟ್ಟು ಸೌಟು ಹಿಡಿದವನು. "ಬಂದೂಕ ಹಿಡದಾಗ ಮಂದಿ ದೂರ ಸರೀತಿದ್ರು. ಸೌಟ ಹಿಡದೆ, ತಾಟ ತಗೊಂಡ ಓಡಿ ಬಂದ್ರು ನೋಡ್ರಿ!" ನಿವೃತ್ತನಾಗಿ ಬೆಳಗಾವಿಯಲ್ಲಿ ಶೆಫ್ ಕೋರ್ಸ್ ಮುಗಿಸಿದ್ದ. ಕಣಗಲಾದಲ್ಲಿ, ಹೈವೇ ಬಾಜೂ, ಸ್ವಂತ ಹೋಟೆಲ್ ತೆರೆಯುವವನಿದ್ದ. ಜೋಳದ ರೊಟ್ಟಿಯೊಂದೇ ಅವನ ಕೈಗೆ ಒಲಿದಿರಲಿಲ್ಲ.

ಕಸ್ತೂರಿಯ ಅವ್ವ ಶಿವಗಂಗವ್ವನಿಗೆ ಮಿಲಿಟರಿಯವನೆಂದರೆ ಸಾಕಿತ್ತು. ಮತ್ತೇನೂ ಕೇಳಲಿಲ್ಲ.

"ಸೆಲ್ಯೂಟ್ ಹೊಡದಂಗ ಬಡೀಬ್ಯಾಡ್ರಿ," ಎಂದು ಕಸ್ತೂರಿ ಕಲಿಸತೊಡಗಿದಳು. "ಕೂಸಿನ ಬೆನ್ನ ತಟ್ಟಿದಂಗ."

"ನನಗ ಕೂಸಿಲ್ರಿ. ಮದುವೀನ ಆಗಿಲ್ಲ."

"ನಾ ಕೇಳಿದ್ನೇನು ಅದನ್ನ?" ಎಂದವಳ ಕಿವಿಗಳು ಕೆಂಪಾದವು. ತಪ್ಪನ್ನು ಒಲೆಯ ಝಳದ ಮೇಲೆ ಹಾಕಿದಳು.

ರೊಟ್ಟಿ ಮೊದಲ ಸಲ ಉಬ್ಬಿದ ದಿನ ಅವನೇ ಹೇಳಿದ. "ನಮ್ಮ ಮನಿ ಊರ ಹೊರಗಿನ ಕೇರ್ಯಾಗ ಐತ್ರಿ. ನಿಮಗ ಗೊತ್ತಿರ್ಲಿ."

ಕಸ್ತೂರಿ ಆ ರೊಟ್ಟಿಯನ್ನೇ ಮುರಿದು ಬಾಯಿಗಿಟ್ಟುಕೊಂಡಳು. ಅಡುಗೆಮನೆಯಲ್ಲಿ ಅವರಿಬ್ಬರೇ ಇದ್ದರು.

"ನಾಕ ಮಂದಿ ಮುಂದ ತಿಂತೀರೇನ್ರಿ?" ಅವನ ದನಿ ಮೆತ್ತಗಾಯಿತು. "ಹೋಟೆಲ್ ತೆರೆದ ದಿನ ಮೊದಲ ತುತ್ತು ನಿಮ್ಮದು. ತಿಂದ್ರ, ನನ್ನ ಮದುವಿ ಆಗಾಕ ಹೂಂ ಅಂದಂಗ."

"ತಿಂತೇನಿ," ಎಂದಳು. ಎಷ್ಟು ಸಲೀಸಾಗಿ ಅಂದುಬಿಟ್ಟಳು!

ಹೋಟೆಲ್ ತೆರೆದದ್ದು ಒಂದು ಗುರುವಾರ. ಗೋಕಾಕದಿಂದ, ಹುಕ್ಕೇರಿಯಿಂದ ದೊಡ್ಡವರು ಬಂದರು. ಬಸವಣ್ಣನ ಫೋಟೊಕ್ಕೆ ಕೈಮುಗಿದೇ ಮನೆಯಿಂದ ಹೊರಟವರು. ಕಸ್ತೂರಿಯ ಕಾಕಾ ಮುರಿಗೆಪ್ಪ ದುರ್ಗೇಶನಿಗೆ ಶಾಲು ಹೊದಿಸಿ, "ದೇಶಾ ಕಾದ ಕೈ!" ಎಂದು ಆ ಕೈ ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡ. ಅದೇ ಕೈ ಬಡಿಸಲು ಬಂದಾಗ ಒಬ್ಬನಿಗೆ ಶುಗರ್ ಇತ್ತು, ಇನ್ನೊಬ್ಬನಿಗೆ ಅವಸರವಿತ್ತು. ಬಾಟಲಿಯ ಸೀಲು ತಾವೇ ಒಡೆದು ಬರೇ ನೀರು ಕುಡಿದರು. ಗಡಿಯಲ್ಲಿ ಅವನ ಜೀವ ಇವರಿಗೆ ನಡೆದಿತ್ತು. ತಾಟಿನಲ್ಲಿ ಅವನ ಕೈ ನಡೆಯಲಿಲ್ಲ.

ದುರ್ಗೇಶ ತಾಟು ತಂದು ಕಸ್ತೂರಿಯ ಮುಂದಿಟ್ಟ. ಅವಳು ರೊಟ್ಟಿಗೆ ಬೆರಳು ಚಾಚಿದಳು. ಕಾಕಾನ ಕಣ್ಣು ಆ ಬೆರಳಿನ ಮೇಲೆಯೇ ಇತ್ತು.

"ನನಗ... ಇವತ್ತ ಸೋಮವಾರ. ಉಪಾಸ ಐತ್ರಿ."

ಯಾರೋ ಕಿಸಕ್ಕೆಂದರು. "ಗುರುವಾರಲೇ ಯವ್ವಾ!"

ದುರ್ಗೇಶ ಅವಳನ್ನೇ ನೋಡಿದ. ಆಮೇಲೆ ನಕ್ಕವರತ್ತ ತಿರುಗಿ, "ಹೋದ ಸೋಮವಾರ ತಪ್ಪಿಸಿದ್ರಂತ್ರಿ, ಇವತ್ತ ಹಿಡದಾರ," ಎಂದು ತಾಟು ಎತ್ತಿಕೊಂಡು ಒಳಗೆ ಹೋದ. ಕಾಯಾಕ ಅಲ್ರಿ ಎಂದು ಬಂದಿದ್ದವನು ಅವತ್ತು ಅವಳ ಮಾನ ಕಾದ.

ಮತ್ತೆ ಖಾನಾವಳಿಗೆ ಬರಲಿಲ್ಲ. ನಾಳೆ ಹೋಗಿ ಮಾತಾಡಿದರಾಯಿತು, ನಾಡಿದ್ದು ಹೋದರಾಯಿತು ಎನ್ನುತ್ತ ಕಸ್ತೂರಿ ಎರಡು ಸುಗ್ಗಿ ಕಳೆದಳು.

ಕೊನೆಗೊಂದು ಸೋಮವಾರ, ಖರೇ ಸೋಮವಾರ, ಕಣಗಲಾದ ಬಸ್ಸು ಹತ್ತಿದಳು. ಹೋಟೆಲ್ ಲಾರಿಯವರಿಂದ ತುಂಬಿತ್ತು. ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಕಾಕಾನ ಗೆಳೆಯ ಅವಳನ್ನು ಕಂಡು ಲೋಟ ಕೆಳಗಿಟ್ಟ. ಅವಳು ನಡುವಿನ ಮೇಜಿಗೇ ಕುಳಿತಳು.

"ಊಟಾ ಹಾಕ್ರಿ."

ದುರ್ಗೇಶ ಅಲ್ಲೇ ನಿಂತುಬಿಟ್ಟ. "ಇವತ್ತ ಸೋಮವಾರ ಐತ್ರಿ."

"ಗೊತ್ತೈತ್ರಿ. ಅದಕ್ಕ ಬಂದೇನಿ."

ತಾಟು ಬಂತು. ಎಲ್ಲರ ಮುಂದೆ ಮುರಿದು ತಿಂದಳು. ರೊಟ್ಟಿ ತೆಳ್ಳಗೆ, ಮೃದುವಾಗಿತ್ತು.

"ಭಾಳ ಚಲೋ ಬಡೀತೀರಿ ಈಗ."

"ನನ್ನ ಕೈಯಂದಲ್ರಿ." ಅವನು ನೆಲ ನೋಡಿದ. "ಸುಮನ ಬಡೀತಾಳ. ನನ್ನ ಮನ್ಯಾಕಿ. ನೀವ ಕಲಿಸಿದಂಗ ಕಲಿಸೇನಿ."

ಒಳಗಿನಿಂದ ಸದ್ದು ಬರುತ್ತಿತ್ತು, ಕೂಸಿನ ಬೆನ್ನು ತಟ್ಟಿದಷ್ಟೇ ಮೆತ್ತಗೆ. ಕಸ್ತೂರಿ ಇನ್ನೊಂದು ತುತ್ತು ಮುರಿದು ನುಂಗಿದಳು.

"ಇನ್ನೊಂದ ಹಾಕ್ಲೇನ್ರಿ?" ಎಂದ, ಹಳೆಯ ದನಿಯಲ್ಲಿ.

"ಹಾಕ್ರಿ," ಎಂದಳು, ಮೂಲೆಯವರೆಗೂ ಕೇಳುವಷ್ಟು ಗಟ್ಟಿಯಾಗಿ.