ಓವರ್‌ಸಿಯರ್ ನೋಡಿ ಹೋದ ಮನೆ

"ಹತ್ತು ಗಂಟೆಗೆ ಬರ್ತೀನಿ ಅಂದೋರು ಹನ್ನೆರಡಕ್ಕೆ ಬರ್ತಿದೀರಲ್ಲ, ಇದ್ಯಾವ ನ್ಯಾಯ?"

ಏಣಿಯ ಮೇಲಿನಿಂದಲೇ ಏಕಾಂತಮ್ಮ ಕೇಳಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಕೆನ್ನೆ, ಹುಬ್ಬಿನ ಮೇಲೆಲ್ಲ ಸುಣ್ಣದ ಹನಿ.

ಬಾಗಿಲಲ್ಲಿ ನಿಂತಿದ್ದ ಎತ್ತರದ ಮನುಷ್ಯ ಏನೋ ಹೇಳಲು ಬಾಯಿ ತೆರೆದ. ಅವಳು ಬಿಡಲಿಲ್ಲ.

"ಸುಣ್ಣದ ಮೇಸ್ತ್ರಿ ಬೋರಣ್ಣ ಕಳ್ಸಿದ್ದು ತಾನೆ? ಈ ಬ್ರಷ್ ಹಿಡೀರಿ. ಹಿಂದಿನ ಕೋಣೆ ಗೋಡೆಗೆ ಎರಡು ಕೈ ಜಾಸ್ತಿನೇ ಬಳೀರಿ. ಅಲ್ಲೊಂದು ಬಿರುಕೈತೆ. ನಾಳೆ ಮನೆ ನೋಡಾಕೆ ಓವರ್‌ಸಿಯರ್ ಬರ್ತಾರೆ. ಅವರ ಕಣ್ಣಿಗೆ ಅದು ಬೀಳಬಾರ್ದು."

ಅವನು ಒಂದು ಕ್ಷಣ ಅವಳ ಮುಖವನ್ನೇ ನೋಡಿದ. ಆಮೇಲೆ ಅಂಗಿಯ ತೋಳು ಮಡಚಿ ಬ್ರಷ್ ತೆಗೆದುಕೊಂಡ.

ಅದು 1974ರ ಮೇ ತಿಂಗಳು. ಹೊಸದುರ್ಗದ ಶಾಲೆಯಲ್ಲಿ ಐದು ವರ್ಷ ಪಾಠ ಹೇಳಿದ್ದ ಏಕಾಂತಮ್ಮನಿಗೆ ಹಿರಿಯೂರಿಗೆ ವರ್ಗವಾಗಿತ್ತು. ಜೂನ್‌ನಲ್ಲಿ ಹೋಗಿ ಸೇರಿಕೊಳ್ಳಬೇಕು. ಆದರೆ ತಾಯಿ ಪಾರ್ವತಮ್ಮನದು ಒಂದೇ ಮಾತು.

"ಈ ಮನೆಗೆ ಬೀಗ ಜಡಿದು ನಾ ಬರಾಕಿಲ್ಲ ಕಣೆ. ಇಲ್ಲಿ ದೀಪ ಹಚ್ಚೋರು ಯಾರಾದ್ರೂ ಸಿಕ್ಲಿ, ಅವರ ಕೈಗೆ ಕೊಟ್ಟು ಬರ್ತೀನಿ."

ತಾಯಿಯನ್ನು ಒಬ್ಬಳೇ ಬಿಟ್ಟು ಹೋಗುವಂತಿಲ್ಲ. ಮನೆ ಮಾರಾಟವಾಗದಿದ್ದರೆ ಕೆಲಸವನ್ನೇ ಬಿಡಬೇಕು. ಅಪ್ಪ ತೀರಿಹೋದ ಮೇಲೆ ಹಟ ಹಿಡಿದು ಓದಿ ಸಂಪಾದಿಸಿದ ಕೆಲಸ ಅದು...

ಸಿರಿಗೆರೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದ ಗಂಗಾಧರಪ್ಪ ಮನೆಯನ್ನು ಕೊಳ್ಳಲು ಮುಂದೆ ಬಂದಿದ್ದರು. ಅವರ ಮಗಳ ಮನೆ ಪಕ್ಕದ ಬೀದಿಯಲ್ಲೇ ಇತ್ತು. ಕಣ್ಣಿಗೆ ಪೊರೆ ಬಂದದ್ದರಿಂದ, ತಮ್ಮ ಹಳೆಯ ಶಿಷ್ಯನೊಬ್ಬ ಮನೆ ನೋಡಿ ವರದಿ ಬರೆದುಕೊಡುತ್ತಾನೆ ಎಂದು ತಿಳಿಸಿದ್ದರು. ಅವನು ಹೊಳಲ್ಕೆರೆಯಲ್ಲಿ ಸರ್ಕಾರಿ ಕಟ್ಟಡಗಳ ಕೆಲಸ ನೋಡಿಕೊಳ್ಳುವ ಓವರ್‌ಸಿಯರ್ ಆಗಿದ್ದ.

ವಾರದಿಂದ ತಾಯಿ ಮಗಳು ಮನೆಯನ್ನು ಸಜ್ಜುಗೊಳಿಸುತ್ತಿದ್ದರು. ಬಾಗಿಲುಗಳಿಗೆ ಎಣ್ಣೆ ಹಚ್ಚಿದರು. ಮಾಳಿಗೆಗೆ ಹೊಸ ಮಣ್ಣು ಹಾಕಿಸಿದರು. ಹಿಂದಿನ ಗೋಡೆಯ ಬಿರುಕಿಗೆ ಮಾತ್ರ ಓವರ್‌ಸಿಯರ್ ಬರುವಷ್ಟರಲ್ಲಿ ಏನೂ ಮಾಡಲಾಗುತ್ತಿರಲಿಲ್ಲ. ಅದನ್ನು ಮುಚ್ಚಬಹುದಿತ್ತು, ಅಷ್ಟೆ.

ಬಂದವನು ಗೋಡೆ ಮುಗಿಸಿ, ಪಾರ್ವತಮ್ಮ ಕೊಟ್ಟ ಮಜ್ಜಿಗೆ ಕುಡಿದು, ಅವರೊಡನೆ ಬಹಳ ಹೊತ್ತು ಮಾತಾಡಿ ಹೊರಟುಹೋದ.

ಮರುದಿನ ಅದೇ ಮನುಷ್ಯ ಮತ್ತೆ ಬಂದ. ಈ ಸಲ ಕೈಯಲ್ಲಿ ಅಳತೆಯ ಟೇಪು, ಕಂಕುಳಲ್ಲಿ ಫೈಲು.

"ನಮಸ್ಕಾರ. ನಾನು ಚಿತ್ರಲಿಂಗಪ್ಪ. ಓವರ್‌ಸಿಯರ್."

ಏಕಾಂತಮ್ಮನ ಕಿವಿಗಳು ಬಿಸಿಯಾದವು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಿನ್ನೆ ಒಂದ್ ಮಾತು ಹೇಳ್ಬಾರ್ದಿತ್ತಾ?"

"ಎಷ್ಟೊತ್ತಿಗೆ ಬರ್ಲಿ ಅಂತ ಕೇಳಾಕೆ ಬಂದಿದ್ದೆ. ಮೊದ್ಲು ಹೇಳಾಕೆ ನೀವು ಬಿಡ್ಲಿಲ್ಲ. ಆಮೇಲೆ ಹೇಳಾಕೆ ನನಗೆ ಮನಸಾಗ್ಲಿಲ್ಲ."

"ನಮ್ಮ ಬಾಯಿಂದಲೇ ಗುಟ್ಟು ಹೊರಡ್ಲಿ ಅಂತ ಕಾಯ್ತಿದ್ರೇನೋ."

ಅವನ ಮುಖ ಕಂದಿತು. "ಹಂಗಲ್ಲ..." ಎಂದವನು ಟೇಪು ಬಿಚ್ಚಿದ. ಕೋಣೆ ಕೋಣೆ ಅಳೆದ. ಹಿಂದಿನ ಗೋಡೆಯ ಮುಂದೆ ಹೆಚ್ಚು ಹೊತ್ತು ನಿಂತ. ಬೆರಳಿನಿಂದ ತಟ್ಟಿ ನೋಡಿದ.

"ಬರ್ಕಳ್ರಿ," ಎಂದಳು ಏಕಾಂತಮ್ಮ ಹಿಂದಿನಿಂದ. "ಪೆನ್ನು ನಿಮ್ಮ ಕೈಲೈತೆ."

ಅವನು ತಿರುಗಿ ನೋಡಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಇನ್ನಷ್ಟು ಕೆಣಕಿತು. ಎಷ್ಟು ತಣ್ಣಗಿದ್ದಾನೆ... ಇಂಥವರಿಗೆ ಇನ್ನೊಬ್ಬರ ಕಷ್ಟ ಏನು ತಿಳಿದೀತು? ಆದರೂ ಆ ರಾತ್ರಿ ಅವಳಿಗೆ ನೆನಪಾದದ್ದು ಅವನ ಫೈಲಲ್ಲ, ಆ ನೋಟ.

ಎಂಟು ದಿನದ ಮೇಲೆ ಗಂಗಾಧರಪ್ಪ ಮೇಷ್ಟ್ರು ಬಂದರು. ಜೊತೆಗೆ ಚಿತ್ರಲಿಂಗಪ್ಪ. ಮೇಷ್ಟ್ರು ಚಾಪೆಯ ಮೇಲೆ ಕುಳಿತು ಲಕೋಟೆಯೊಂದನ್ನು ಏಕಾಂತಮ್ಮನ ಕಡೆಗೆ ಚಾಚಿದರು.

"ವರದಿ ತಂದಾನೆ ನಮ್ಮ ಹುಡುಗ. ನನಗೆ ಅಕ್ಷರ ಕಾಣಾಕಿಲ್ಲ. ನೀನೂ ಟೀಚರಮ್ಮನೇ ಅಲ್ಲೇನವ್ವ, ಗಟ್ಟಿಯಾಗಿ ಓದು."

ಅವಳು ಓದತೊಡಗಿದಳು. ತೊಲೆಗಳು, ಕಂಬಗಳು, ಮಾಳಿಗೆ. ಮುಂದಿನ ಸಾಲಿಗೆ ಬಂದಾಗ ದನಿ ನಿಂತಿತು.

"ಹಿಂಭಾಗದ ಗೋಡೆ ಸುಭದ್ರವಾಗಿದೆ."

ಅವಳು ತಲೆ ಎತ್ತಿದಳು. ಚಿತ್ರಲಿಂಗಪ್ಪ ನೆಲ ನೋಡುತ್ತಿದ್ದ.

ಬಿರುಕನ್ನು ಬರೆದಿಲ್ಲ... ನನಗಾಗಿ ಬಿಟ್ಟಿದ್ದಾನೆ! ಎದೆಯೊಳಗೆ ಏನೋ ಸಡಿಲವಾಯಿತು. ಆ ಕಾಗದ ಮಡಚಿಟ್ಟರೆ ಮುಗಿಯಿತು. ಹಿರಿಯೂರು, ಕೆಲಸ, ಅಮ್ಮ, ಎಲ್ಲವೂ ಸರಿಹೋಗುತ್ತದೆ. ಎದುರಿಗೆ ಕಣ್ಣು ಮಂಜಾದ ಮುದುಕರು, ಅವಳು ಓದಿದ್ದನ್ನೆಲ್ಲ ನಂಬಿ ತಲೆಯಾಡಿಸುತ್ತಿದ್ದರು. ನಾಳೆ ಆ ಗೋಡೆಯ ಪಕ್ಕ ಹಾಸಿಗೆ ಹಾಸಿ ಮಲಗುವವರೂ ಅವರೇ.

"ಮೇಷ್ಟ್ರೆ," ಎಂದಳು. "ಹಿಂದಿನ ಗೋಡೆ ಬಿರುಕು ಬಿಟ್ಟೈತೆ. ಸುಣ್ಣ ಬಳಿಸಿ ಮುಚ್ಚಿದ್ದು ನಾನು. ಇವರಿಗೆ ಕಂಡಿರಾಕಿಲ್ಲ."

"ಕಂಡಿತ್ತು," ಎಂದ ಚಿತ್ರಲಿಂಗಪ್ಪ. ದನಿ ಒಡೆದಿತ್ತು. "ಗೊತ್ತಿದ್ದೇ ಸುಳ್ಳು ಬರೆದೆ ಮೇಷ್ಟ್ರೆ. ತಪ್ಪಾತು."

ಪಾರ್ವತಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರು. ಮೇಷ್ಟ್ರು ಶಿಷ್ಯನ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

"ಲೇ ಚಿತ್ರಲಿಂಗ," ಎಂದರು. "ನಿನ್ನ ಮಾತು ನಂಬಿ ಕಣ್ಣಿಲ್ದೆ ಮನೆ ತಗಳಾಕೆ ಹೊರಟಿದ್ನಲ್ಲೋ." ಆಮೇಲೆ ಏಕಾಂತಮ್ಮನ ಕಡೆ ತಿರುಗಿದರು. "ನೀನು ಹೇಳ್ದೆ ಇದ್ದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ ಕಣವ್ವ. ಆ ಗೋಡೆ ಕೆಡವಿ ಕಟ್ಟಿಸ್ರಿ. ನಾನೇ ತಗಳ್ತೀನಿ. ಕಟ್ಟೋವಾಗ ಇವ್ನು ಮುಂದೆ ನಿಂತಿರ್ಬೇಕು."

ಮೇಷ್ಟ್ರನ್ನು ಮಗಳ ಮನೆಗೆ ಬಿಟ್ಟು ಅವನು ಹಿಂತಿರುಗಿದಾಗ ಏಕಾಂತಮ್ಮ ಹಿತ್ತಿಲಲ್ಲಿದ್ದಳು.

"ಯಾಕೆ ಹಂಗೆ ಬರೆದ್ರಿ?"

"ಆವತ್ತು ನಿಮ್ಮಮ್ಮ ಎಲ್ಲಾ ಹೇಳಿದ್ರು. ನೀವು ಕೆಲ್ಸ ಬಿಡ್ಬೇಕಾಗುತ್ತೆ ಅಂತ... ತಡ್ಯಾಕೆ ಆಗ್ಲಿಲ್ಲ."

"ನಿಮ್ಮನ್ನ ಕಲ್ಲಿನಂಥೋರು ಅಂದ್ಕಂಡಿದ್ದೆ. ಅದು ನನ್ನ ತಪ್ಪು. ಆದ್ರೆ ನನಗೋಸ್ಕರ ಸುಳ್ಳು ಹೇಳೋರು ನನಗೆ ಬೇಡ."

ಅವನು ತಲೆಯಾಡಿಸಿ ಹೊರಡಲು ತಿರುಗಿದ.

"ಪೂರ್ತಿ ಕೇಳಿ ಹೋಗ್ರಿ," ಎಂದಳು. ದನಿ ತಗ್ಗಿತ್ತು. "ತಪ್ಪಾತು ಅಂದ್ರಲ್ಲ, ಹಂಗೆ ಹೇಳೋರು ಬೇಕು."

ಮಾರನೆಯ ದಿನದಿಂದ ಹೊಳಲ್ಕೆರೆಯ ಸಂಜೆಯ ಬಸ್ಸು ಬಂದಾಗಲೆಲ್ಲ ಅವಳ ಕಣ್ಣು ಬೀದಿಯ ಕಡೆ ಹೋಗುತ್ತಿತ್ತು. ಗೋಡೆ ಕೆಡವಿದರು, ಪಾಯ ತೋಡಿದರು, ಕಲ್ಲು ಏರಿತು. ಮಾತು ಗಾರೆಯಿಂದ ಶುರುವಾಗಿ ಎಲ್ಲೆಲ್ಲಿಗೋ ಹೋಗುತ್ತಿತ್ತು. ಅವನ ತಾಯಿಯ ಕುರಿಗಳು, ಅವಳ ಶಾಲೆಯ ಮಕ್ಕಳು, ಜೋಗಿಮಟ್ಟಿ ಬೆಟ್ಟದ ಗಾಳಿ...

ಮನೆ ಮೇಷ್ಟ್ರ ಕೈಸೇರಿದ ದಿನ ಪಾರ್ವತಮ್ಮ ತಾವೇ ಮೇಷ್ಟ್ರ ಮಗಳಿಗೆ ದೇವರಗೂಡಿನ ದೀಪ ತೋರಿಸಿಕೊಟ್ಟು, ಹಿಂತಿರುಗಿ ನೋಡದೆ ಬಸ್ಸು ಹತ್ತಿದರು. ಏಕಾಂತಮ್ಮ ಕಿಟಕಿಯ ಪಕ್ಕ ಕುಳಿತಳು. ಕೆಳಗೆ ಚಿತ್ರಲಿಂಗಪ್ಪ ನಿಂತಿದ್ದ.

"ನಮ್ಮವ್ವನ್ನ ಕರ್ಕೊಂಡು ಹಿರಿಯೂರಿಗೆ ಬರ್ಲಾ? ನಿಮ್ಮಮ್ಮನ್ನ ಒಂದ್ ಮಾತು ಕೇಳ್ಬೇಕಿತ್ತು."

"ನನ್ನ ಕೇಳಾಕಿಲ್ವಾ?"

"ನಿಮ್ಮನ್ನ ಕೇಳಾಕೆ ಧೈರ್ಯ ಬರ್ಲಿ ಅಂತಲೇ ಒಂದ್ ವಾರದ ಗೋಡೆ ಕೆಲ್ಸನ ಮೂರು ವಾರ ಎಳೆದೆ. ಆದ್ರೂ ಬರ್ಲಿಲ್ಲ."

ಏಕಾಂತಮ್ಮನಿಗೆ ನಗು ಬಂತು. ಅದರ ಜೊತೆಗೇ ಕಣ್ಣೂ ತುಂಬಿತು. ಕಿಟಕಿಯ ಸರಳು ಹಿಡಿದಿದ್ದ ಅವನ ಬೆರಳುಗಳ ಮೇಲೆ ಮೆಲ್ಲಗೆ ಕೈಯಿಟ್ಟಳು.

"ಬರೋ ಭಾನುವಾರ ಬರ್ರಿ," ಎಂದಳು. "ಊಟದ ಹೊತ್ತಿಗೆ."