ಮರಳಿನ ಡ್ರಮ್ಮು

ಪಿಸ್ತೂಲಿನ ಬಾಯಿ ನನ್ನ ಎದೆಯಿಂದ ಮೂರೇ ಅಡಿ ದೂರದಲ್ಲಿತ್ತು.

"ಹೆದರ್ಕೋಬೇಡಿ ಸೈಂಟಿಸ್ಟ್ ಸಾಹೇಬ್ರೇ... ಖಾಲಿ ಇದೆ!" ಎಂದು ಮೇಜರ್ ನಕ್ಕ.

ಖಾಲಿ ಇರಲಿಲ್ಲ.

ಅದು ನನಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ. ಇನ್‌ಸ್ಪೆಕ್ಟರ್ ಸಾಹೇಬರೇ, ಬಂದೂಕುಗಳ ಲ್ಯಾಬಿನಲ್ಲಿ ಇಪ್ಪತ್ತು ವರ್ಷ, ಹೊರಗೆ ಖಾಸಗಿ ತಜ್ಞನಾಗಿ ಹತ್ತು ವರ್ಷ ಕಳೆದವನು ನಾನು. ಇದಕ್ಕಿಂತ ಕೆಟ್ಟ ಹತ್ತು ನಿಮಿಷ ಕಂಡಿಲ್ಲ. ಬರೆದುಕೊಳ್ಳಿ.

ಸೆಕ್ಯೂರಿಟಿ ಏಜೆನ್ಸಿಯ ಆಫೀಸು. ಐದನೇ ಮಹಡಿ. ಬೆಳಗ್ಗೆ ಒಂಬತ್ತೂ ಐವತ್ತು. ಬಾಗಿಲಿಗೆ ಬೆನ್ನು ಕೊಟ್ಟು ನಿಂತವನು ಅವನ ಭಾಮೈದ. ಕತ್ತು ಎಂಬುದೇ ಇಲ್ಲದ ಆಳು. ಮೇಜರ್ ಯಾವ ಸೈನ್ಯದಲ್ಲೂ ಇದ್ದವನಲ್ಲ, ಆ ಪದವಿಯನ್ನು ತನಗೆ ತಾನೇ ಕೊಟ್ಟುಕೊಂಡಿದ್ದ. ಅವನ ತಲೆಯ ಹಿಂದೆ ಗೋಡೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ಒಂದು ಸರ್ಟಿಫಿಕೇಟು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸೋಫಾದ ಮೇಲೆ ಅವನ ಮಗಳು. ಏಳು ವರ್ಷ. ತೊಡೆಯ ಮೇಲೆ ಸ್ಕೂಲ್ ಬ್ಯಾಗು.

ಮೂರು ದಿನದ ಹಿಂದೆ ಈ ಹುಡುಗಿ ಟಿವಿ ಡ್ರಾಯರಿನಲ್ಲಿ ರಿಮೋಟ್ ಹುಡುಕುತ್ತಿದ್ದಳು. ಸಿಕ್ಕಿದ್ದು ಅಪ್ಪನ ಪಿಸ್ತೂಲು. ನಾಲ್ಕು ವರ್ಷದ ತಮ್ಮನ ತೊಡೆಗೆ ಗುಂಡು ಹೊಕ್ಕಿತು. ಎರಡು ಆಪರೇಷನ್ ಆಯಿತು. ಮಗು ಬದುಕಿದೆ. ಕಾಲಿನ ವಿಷಯ ಡಾಕ್ಟರು ಇನ್ನೂ ಬಾಯಿ ಬಿಟ್ಟಿಲ್ಲ.

"ಹೇಳು ಪುಟ್ಟಿ. ಪೊಲೀಸ್ ಅಂಕಲ್ ಬಂದಾಗ ಏನ್ ಹೇಳ್ತೀಯ?"

ಹುಡುಗಿ ಬ್ಯಾಗಿನ ಜಿಪ್ ನೋಡುತ್ತಾ ಒಪ್ಪಿಸಿದಳು, ಮಗ್ಗಿ ಒಪ್ಪಿಸಿದ ಹಾಗೆ. "ಅಪ್ಪ ಖಾಲಿ ಮಾಡಿಟ್ಟಿದ್ರು. ನಾನೇ ಬುಲೆಟ್ ಹಾಕ್ದೆ."

"ಕೇಳಿದ್ರಾ? ಇದನ್ನೇ ಬರೀರಿ. ನಿಮ್ಮ ಎಕ್ಸ್‌ಪರ್ಟ್ ರಿಪೋರ್ಟು ನಾನೇ ಟೈಪ್ ಮಾಡಿಸಿದೀನಿ, ನೀವು ಸೈನ್ ಹಾಕಿದ್ರೆ ಮುಗೀತು. ನನ್ನ ಲೈಸೆನ್ಸ್ ಉಳಿಯುತ್ತೆ, ಏಜೆನ್ಸಿ ಉಳಿಯುತ್ತೆ. ಇವಳು ಚಿಕ್ಕೋಳು, ಇವಳಿಗೇನು ಜೈಲಾ?"

ಜೈಲು ಇಲ್ಲ. ನಿಜ. ಬರೀ ಅರವತ್ತು-ಎಪ್ಪತ್ತು ವರ್ಷ ಆ ಮಾತನ್ನು ಹೊತ್ತುಕೊಂಡು ಓಡಾಡಬೇಕು, ಅಷ್ಟೇ!

ನಾನು ಅದಾಗಲೇ ಚೀಲದಿಂದ ಸ್ಪ್ರಿಂಗ್ ತಕ್ಕಡಿ ತೆಗೆದು ಹುಡುಗಿಯ ಕೈಗೆ ಕೊಟ್ಟು ನೋಡಿದ್ದೆ. ಎರಡೂ ಕೈಯಲ್ಲಿ, ಹಲ್ಲು ಕಚ್ಚಿ ಎಳೆದಳು. ನಾಲ್ಕು ಕಿಲೋ. ಆ ಮಾಡೆಲ್ಲಿನ ಸ್ಲೈಡ್, ಅಂದರೆ ನಳಿಗೆಯ ಮೇಲೆ ಜಾರುವ ಕವಚ, ಎಳೆಯಲು ಎಂಟು ಕಿಲೋ ಬೇಕು. ಸ್ಲೈಡ್ ಎಳೆಯದೆ ಗುಂಡು ನಳಿಗೆಗೆ ಹೋಗುವುದಿಲ್ಲ. ಟ್ರಿಗರಿಗೆ ಮಾತ್ರ ಎರಡು ಕಿಲೋ ಸಾಕು.

ಅಂದರೆ ಹುಡುಗಿ ಟ್ರಿಗರ್ ಒತ್ತಬಲ್ಲಳು. ಗುಂಡು ತುಂಬಲಾರಳು.

ಹಾಗಾದರೆ ತುಂಬಿಸಿದ್ದು ಯಾರು?

"ನೀವು ದಿನಾ ಹೇಗೆ ಖಾಲಿ ಮಾಡ್ತೀರಿ? ಒಮ್ಮೆ ತೋರ್ಸಿ," ಎಂದಿದ್ದೆ.

ತೋರಿಸಿದ. ಸೊಂಟದಿಂದ ಅದೇ ಮಾಡೆಲ್ಲಿನ ಇನ್ನೊಂದು ಪಿಸ್ತೂಲು ತೆಗೆದ. ಸರಕ್ಕನೆ ಸ್ಲೈಡ್ ಎಳೆದ. ಒಂದು ಗುಂಡು ಚಿಮ್ಮಿತು... ಗಾಳಿಯಲ್ಲೇ ಹಿಡಿದ! ಭಾಮೈದ ಚಪ್ಪಾಳೆ ತಟ್ಟಿದ. ಆಮೇಲೆ ಹಿಡಿಯೊಳಗಿಂದ ಗುಂಡುಗಳ ಮ್ಯಾಗಜಿನ್ ಕಳಚಿ ಮೇಜಿನ ಮೇಲಿಟ್ಟ.

"ಇದು ನನ್ನ ಸ್ಟೈಲು! ನಲವತ್ತು ಗಾರ್ಡುಗಳಿಗೂ ಕಲಿಸಿದೀನಿ. ಮ್ಯಾಗಜಿನ್ ಲಾಕರಿಗೆ, ಕೀ ನನ್ನ ಕತ್ತಿಗೆ. ಖಾಲಿ ಪಿಸ್ತೂಲು ಎಲ್ಲಿದ್ರೇನು?"



ಮೊದಲು ಮ್ಯಾಗಜಿನ್ ಕಳಚಬೇಕು, ಆಮೇಲೆ ಸ್ಲೈಡ್ ಎಳೆಯಬೇಕು. ಇವನದು ಉಲ್ಟಾ. ಮ್ಯಾಗಜಿನ್ ಒಳಗಿರುವಾಗ ಸ್ಲೈಡ್ ಎಳೆದರೆ ನಳಿಗೆಯ ಗುಂಡು ಹೊರಗೆ ಹಾರುತ್ತದೆ, ಹಿಂದೆಯೇ ಇನ್ನೊಂದು ಬಂದು ಅದೇ ಜಾಗದಲ್ಲಿ ಕೂರುತ್ತದೆ. ಹಾರಿದ್ದನ್ನು ಹಿಡಿಯುವ ಸಂಭ್ರಮದಲ್ಲಿ ಕೂತದ್ದು ಕಾಣುವುದಿಲ್ಲ.

ಆ ಕೂತದ್ದೇ ಈಗ ನನ್ನ ಎದೆಗೆ ಗುರಿಯಾಗಿತ್ತು.

"ಸೈನ್ ಹಾಕ್ರೀ," ಎಂದ. ಪಿಸ್ತೂಲು ನನ್ನಿಂದ ಸೋಫಾದ ಕಡೆಗೆ, ಸೋಫಾದಿಂದ ನನ್ನ ಕಡೆಗೆ ಆಡಿತು. ಮಾತಾಡುವಾಗ ಪೆನ್ನು ಆಡಿಸುತ್ತಾರಲ್ಲ, ಹಾಗೆ. ಬೆರಳು ಟ್ರಿಗರಿನ ಮೇಲೆ!

ಕೂಗಲಿಲ್ಲ. ಬೆಚ್ಚಿದವನ ಬೆರಳು ಮೊದಲು ಮಾಡುವ ಕೆಲಸ ಬಿಗಿಯುವುದು.

"ಹಾಕ್ತೀನಿ. ಸೀರಿಯಲ್ ನಂಬರ್ ಬರ್ಕೋಬೇಕು. ಕೊಡಿ ಇಲ್ಲಿ."

"ಆ ಪಿಸ್ತೂಲು ಪೊಲೀಸ್ ಹತ್ರ ಇದೆ. ಇದರ ನಂಬರ್ ಯಾಕೆ?"

"ಹೋಲಿಕೆಗೆ. ಕೋರ್ಟು ಕೇಳುತ್ತೆ."

ಕೋರ್ಟು ಎಂದರೆ ಇಂಥವರು ಮೆತ್ತಗಾಗುತ್ತಾರೆ. ಕೊಟ್ಟ... ಬಾಯಿ ನನ್ನ ಹೊಟ್ಟೆಯ ಕಡೆ ಮಾಡಿಯೇ ಕೊಟ್ಟ! ನಾನು ಬದಿಗೆ ಸರಿದು ತೆಗೆದುಕೊಂಡೆ. ನೆಲಕ್ಕೆ ತಿರುಗಿಸಿದೆ.

ಒಳಗಿನ ಗುಂಡನ್ನು ಅಲ್ಲೇ ತೆಗೆದು ತೋರಿಸಬಹುದಿತ್ತು. ಆದರೆ ನೋಡುವವರು ಯಾರು? ಅವನು, ಅವನ ಭಾಮೈದ. ನೀನೇ ಹಾಕಿದೆ ಎನ್ನುತ್ತಿದ್ದರು. ಹತ್ತಕ್ಕೆ ಶಿಫ್ಟ್ ಬದಲಾಗುತ್ತದೆ. ನಲವತ್ತು ಗಾರ್ಡುಗಳು ಕೆಳಗೆ ಗೇಟಿನಲ್ಲಿರುತ್ತಾರೆ. ಗಡಿಯಾರ ನೋಡಿದೆ. ಹತ್ತು.

"ಇದು ಖಾಲಿ ಇಲ್ಲ ಮೇಜರ್. ಕೆಳಗೆ ಬನ್ನಿ, ತೋರಿಸ್ತೀನಿ."

"ಹಿಡ್ಕೊಳೋ ಅವನ್ನ!"

ಭಾಮೈದ ಬಾಗಿಲು ಬಿಟ್ಟು ನುಗ್ಗಿದ. ಅದೇ ಅವನ ತಪ್ಪು. ಕುರ್ಚಿಯನ್ನು ಅವನ ಮೊಣಕಾಲಿಗೆ ಒದ್ದೆ. ಬಾಗಿಲು ತೆರೆದೆ. ಓಡಿದೆ!

ಐದು ಮಹಡಿ. ತೊಂಬತ್ತು ಮೆಟ್ಟಿಲು. ಐವತ್ತೆಂಟರ ವಯಸ್ಸು. ಬಲಗೈಯಲ್ಲಿ ಪಿಸ್ತೂಲು, ಬಾಯಿ ಕೆಳಗೆ, ಬೆರಳು ಟ್ರಿಗರಿನ ಹೊರಗೆ. ಎಡವಿದರೆ ಕತೆ ಮುಗಿಯಿತು. ಹಿಂದೆ ಭಾಮೈದನ ಬೂಟು... ಧಡ್, ಧಡ್, ಧಡ್!

"ಕಾಲು ಮುರೀತೀನಿ ಕಣೋ ಮುದುಕಾ!"

ಎರಡನೇ ಮಹಡಿಯಲ್ಲಿ ಅವನ ಕೈ ನನ್ನ ಕಾಲರಿಗೆ ಸಿಕ್ಕಿತು. ಶರ್ಟು ಹರಿಯಿತು. ಶರ್ಟು ಅವನಿಗೇ ಇರಲಿ ಎಂದು ಬಿಟ್ಟುಬಂದೆ.

ಗೇಟಿನ ಪಕ್ಕದಲ್ಲಿ ಮರಳಿನ ಡ್ರಮ್ಮು. ಡ್ಯೂಟಿ ಮುಗಿಸಿದವರು ಪಿಸ್ತೂಲನ್ನು ಅದರೊಳಗೆ ಗುರಿ ಮಾಡಿ ಒಮ್ಮೆ ಟ್ರಿಗರ್ ಒತ್ತಬೇಕು, ಒಳಗೆ ಏನಾದರೂ ಉಳಿದಿದ್ದರೆ ಮರಳಿಗೆ ಹೋಗಲಿ ಎಂದು. ಈ ಡ್ರಮ್ಮಿನಲ್ಲಿ ಕ್ರೋಟನ್ ಗಿಡ ಬೆಳೆದಿತ್ತು. ಸುತ್ತಲೂ ಬೀಡಿ ತುಂಡು. ಗಿಡ ನನ್ನ ಭುಜದೆತ್ತರ ಇತ್ತು.

ಬನಿಯನ್ನಿನಲ್ಲಿ ನಿಂತ ನನ್ನನ್ನು ನೋಡಿ ಗಾರ್ಡುಗಳು ಮೊದಲು ನಕ್ಕರು. ಆಮೇಲೆ ಕೈ ನೋಡಿದರು.

ಮೇಜರ್ ಏದುಸಿರು ಬಿಡುತ್ತಾ ಬಂದ. ಬೆನ್ನ ಹಿಂದೆ ಹುಡುಗಿ.

"ಮೇಜರ್! ಎಲ್ಲರೆದುರಿಗೆ ಹೇಳಿ. ಇದು ಖಾಲಿ ತಾನೆ?"

"ಖಾಲೀನೇ ಕಣ್ರೀ! ನನ್ನ ಕೈಯಾರೆ ತೆಗೆದಿದೀನಿ!"

"ಟ್ರಿಗರ್ ಒತ್ತಲಾ?"

"ನೂರು ಸಲ ಒತ್ರೀ!"

ಒಂದು ಸಲ ಸಾಕಾಯಿತು.

ಢಮ್!

ಮರಳು ಮುಖಕ್ಕೆ ಹಾರಿತು. ಗಿಡ ಬುಡದಲ್ಲೇ ವಾಲಿತು.

ಆಮೇಲೆ ಒಬ್ಬ ವಯಸ್ಸಾದ ಗಾರ್ಡು ಮೆಲ್ಲಗೆ ತನ್ನ ಸೊಂಟ ಮುಟ್ಟಿ ನೋಡಿಕೊಂಡ. "ಸಾರ್... ನಾನೂ ಹಿಂಗೇ ಮಾಡೋದು. ಮನೇಲಿ ಬೀರು ಮೇಲೆ ಇಡ್ತೀನಿ. ಮೊಮ್ಮಗಳು ಕುರ್ಚಿ ಹಾಕ್ಕೊಂಡು ಹತ್ತುತಾಳೆ ಸಾರ್..."

ಭಾಮೈದನ ಕೈಯಿಂದ ನನ್ನ ಶರ್ಟು ಬಿತ್ತು.

ಹುಡುಗಿ ಅಪ್ಪನ ಅಂಗಿ ಜಗ್ಗಿದಳು. "ಅಪ್ಪಾ... ಹಾಗಾದ್ರೆ ಅದನ್ನ ನಾನು ಹಾಕಿದ್ದಲ್ಲ, ಅಲ್ವಾ?"

ಅವನು ಅವಳ ಕಡೆ ನೋಡಲಿಲ್ಲ.

"ಅಲ್ಲಮ್ಮಾ, ನೀನಲ್ಲ," ಎಂದವನು ಭಾಮೈದ. ಅವಳನ್ನು ಎತ್ತಿಕೊಂಡು ನೇರ ಗೇಟು ದಾಟಿದ. ಆ ಆಳಿನ ಕಣ್ಣಲ್ಲಿ ನೀರು ನೋಡಿದೆ ಎಂದರೆ ನೀವು ನಂಬುವುದಿಲ್ಲ. ಬರೆಯಬೇಡಿ, ಬಿಡಿ.

ಮೇಜರ್ ನನ್ನ ಕಿವಿಯ ಹತ್ತಿರ ಬಂದ. "ಸರ್ಟಿಫಿಕೇಟಿನ ಕೆಳಗೆ ಯಾರ ಸೈನ್ ಇದೆ, ನೆನಪಿದೆಯಾ? ನಾನು ಮುಳುಗಿದ್ರೆ ನಿನ್ನನ್ನೂ ಎಳ್ಕೊಂಡೇ ಮುಳುಗೋದು!"

ನೆನಪಿದೆ. ಎರಡು ವರ್ಷದ ಹಿಂದೆ ಈ ಏಜೆನ್ಸಿಯ ಸುರಕ್ಷತೆ ಪರೀಕ್ಷಿಸಿದವನು ನಾನೇ. ಐದನೇ ಮಹಡಿಯಲ್ಲಿ ಕಾಫಿ ಕುಡಿದು ಸಹಿ ಹಾಕಿ ಲಿಫ್ಟಿನಲ್ಲಿ ಇಳಿದು ಹೋಗಿದ್ದೆ. ಡ್ರಮ್ಮು ನೋಡಲಿಲ್ಲ. ಆ ಗಿಡ ಆಗ ಗೇಣುದ್ದ ಇದ್ದಿರಬೇಕು, ನೋಡಿದ್ದರೆ ಎರಡು ಬೆರಳಲ್ಲಿ ಕಿತ್ತುಹಾಕಬಹುದಿತ್ತು.

ಮೊದಲ ಆರೋಪಿ ಅವನು. ಎರಡನೆಯ ಸಾಲಿನಲ್ಲಿ ನನ್ನ ಹೆಸರು ಬರೆದುಕೊಳ್ಳಿ.

ಯಾಕೆ ಸಾಹೇಬರೇ, ಪೆನ್ನು ನಿಂತಿತು? ಬರೆಯಿರಿ... ಸಹಿ ಹಾಕುತ್ತೇನೆ. ಈ ಸಲ ಓದಿಯೇ ಹಾಕುತ್ತೇನೆ.

ಅಂದ ಹಾಗೆ, ನಿಮ್ಮ ಸೊಂಟದಲ್ಲಿರುವುದನ್ನು ಮನೆಗೆ ಹೋದ ಮೇಲೆ ಎಲ್ಲಿ ಇಡುತ್ತೀರಿ?