ಒಂದೇ ನೀರು, ಎರಡು ಬಾಟಲಿ

ಮೆಟ್ಟಿಲಲ್ಲಿ ಎದುರಾದವನು ಅವಳನ್ನು ಕಂಡಕೂಡಲೇ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ!

ಇಪ್ಪತ್ತೊಂದು ದಿನಗಳಿಂದ ಇದೇ ಗತಿ. "ಊಟ ಆಯ್ತಾ?" ಎಂದರೂ ಉತ್ತರವಿಲ್ಲ.

ಅಳತೆ ಸಂಸ್ಥೆಯಲ್ಲಿ ಅವಳದು ರಸಾಯನ ವಿಭಾಗ, ಅವನದು ಭೌತ ವಿಭಾಗ. ಇಬ್ಬರಿಗೂ ಒಂದೇ ನೀರಿನ ಒಂದೊಂದು ಬಾಟಲಿ ಕೊಟ್ಟಿದ್ದರು. ಅದರಲ್ಲಿ ಸೀಸ ಎಷ್ಟಿದೆ ಎಂದು ಅವಳು ತನ್ನ ರಾಸಾಯನಿಕಗಳಿಂದ, ಅವನು ತನ್ನ ಯಂತ್ರದಿಂದ ಅಳೆಯಬೇಕು. ಸಿಕ್ಕ ಅಂಕಿಯನ್ನು ಇನ್ನೊಬ್ಬರಿಗೆ ತಿಳಿಯದಂತೆ ಲಕೋಟೆಯಲ್ಲಿಟ್ಟು ಕೊಡಬೇಕು; ಆ ಲಕೋಟೆ ಒಡೆಯುವವರೆಗೂ ಪರಸ್ಪರ ಮಾತಾಡುವುದಿಲ್ಲ ಎಂದು ಇಬ್ಬರೂ ಸಹಿ ಹಾಕಿದ್ದರು.

'ಮಾತಾಡಬಾರದು ಅಂದ್ರೆ ಅಂಕಿ ಹೇಳಬಾರದು ಅಂತ, ಸರಿ... ಮುಖಾನೂ ನೋಡಬಾರದು ಅಂತ ಎಲ್ಲಿದೆ? ಬಾಟಲಿ ಬರೋ ಹಿಂದಿನ ದಿನ "ನಾಳೆ ನಿಮ್ಮನ್ನ ಒಂದು ಮಾತು ಕೇಳ್ಬೇಕು" ಅಂದಿದ್ದ. ಈಗ ಮನಸ್ಸು ಬದಲಾಗಿದೆ, ಅಷ್ಟೇ!'

ಬೇರೆ ಊರಿನ ಶಾಖೆಗೆ ಹೋಗಲು ಒಪ್ಪಿ ಬರೆದ ಪತ್ರ ಅವಳ ಚೀಲದಲ್ಲಿತ್ತು. ಇವತ್ತೇ ಕೊಡಬೇಕು. ಕೊಡದೆ ಇನ್ನೇನು ಮಾಡಿಯಾಳು, ಪಾಪ!

ಸಾಹೇಬರು ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿ ಲಕೋಟೆ ಒಡೆದರು. ಲೀಟರಿಗೆ ಅವಳದು ಹನ್ನೆರಡು ಮೈಕ್ರೋಗ್ರಾಂ. ಅವನದು ಹತ್ತೊಂಬತ್ತು!

"ಇದೇನ್ರಪ್ಪಾ! ಒಂದೇ ನೀರು ತಾನೇ? ಮತ್ತೆ ಮೊದಲಿಂದ ಅಳೀರಿ. ಇನ್ನೂ ಇಪ್ಪತ್ತೊಂದು ದಿನ," ಎಂದು ಗೊಣಗುತ್ತಾ ಹೊಸ ಬಾಟಲಿ ತರಲು ಹೋದರು.

ಕೋಣೆಯಲ್ಲಿ ಇಬ್ಬರೇ ಉಳಿದರು.

"ಈಗ ಮಾತಾಡ್ಬಹುದು!" ಅವನು ಒಂದೇ ಉಸಿರಿಗೆ ಹೇಳಿದ. "ಹೊಸ ಬಾಟಲಿಗೆ ಇನ್ನೂ ಸಹಿ ಹಾಕಿಲ್ಲ."

"ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡು..." ಅವಳು ರೇಗಿದಳು. "ನಾನೇನು ತಪ್ಪು ಮಾಡಿದ್ದೆ?"

"ಅಯ್ಯೋ, ನಿಮ್ಮ ತಪ್ಪಲ್ಲ ಕಣ್ರೀ! ನಿಮ್ಮ ಮುಂದೆ ನನ್ನ ಹೊಟ್ಟೇಲಿ ಯಾವ ಗುಟ್ಟೂ ನಿಲ್ಲಲ್ಲ. ಊಟ ಆಯ್ತಾ ಅಂದಾಗ ಬಾಯಿ ಬಿಟ್ಟಿದ್ರೆ, 'ಆಯ್ತು, ಹತ್ತೊಂಬತ್ತು' ಅಂದ್ಬಿಡ್ತಿದ್ದೆ!"

"ಒಂದು ಚೀಟಿನಾದ್ರೂ ಬರೀಬಾರದಿತ್ತಾ?"

"ಬರೆದೆ. ಹರಿದು ಹಾಕಿದೆ. ಅದೂ ಮಾತೇ ಅಲ್ವಾ?"

ಎಂಥ ನಿಯಮದ ಮನುಷ್ಯನಪ್ಪಾ ಇವನು! ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಆವತ್ತು ಕೇಳ್ಬೇಕು ಅಂತಿದ್ದಿದ್ದು... ನನ್ನ ಮದುವೆ ಆಗ್ತೀರಾ?"

'ಹೂಂ ಅನ್ನೇ, ಹೂಂ ಅನ್ನೇ!' ಎಂದು ಮನಸ್ಸು ಕೂಗುತ್ತಿತ್ತು. ಆದರೆ ಮಾತಿಗೆ ಮೊದಲೇ ಕಣ್ಣೀರು ಸುರಿಯಿತು. ಅಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು.

"ಹಾಕಿ ಸಹಿ, ಬೇಗ ಬೇಗ!"

ಅವನು ಅವಳ ಮುಖವನ್ನೇ ನೋಡುತ್ತಾ ಸಹಿ ಹಾಕಿದ. ಸಾಹೇಬರು ಪೆನ್ನನ್ನು ಕೈಗೆ ತುರುಕಿದಾಗ ಅವಳೂ ಹಾಕಿದಳು. ಮುಗಿಯಿತು... ಇನ್ನು ಅವನೊಡನೆ ಒಂದು ಮಾತೂ ಆಡುವಂತಿಲ್ಲ! ಅವನ ಮುಖ ಬಾಡಿಹೋಯಿತು.

ಅವಳು ಸಾಹೇಬರತ್ತ ತಿರುಗಿದಳು.

"ಸರ್, ನಂಗೆ ವರ್ಗಾವಣೆ ಬೇಡ."

"ಮೊನ್ನೆ ಹೋಗ್ತೀನಿ ಅಂದಿದ್ಯಲ್ಲಮ್ಮಾ?"

"ನಾನು ಮದುವೆ ಆಗೋರು ಇಲ್ಲೇ ಕೆಲಸ ಮಾಡ್ತಾರೆ ಸರ್."

ಅವನು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯತ್ತ ತಿರುಗಿಕೊಂಡ. ಗಾಜಿನಲ್ಲಿ ಅವನ ನಗು ಕಾಣುತ್ತಿತ್ತು.

"ಹೌದಾ! ಯಾರಮ್ಮಾ ಅದು?"

ಅವಳು ಕಣ್ಣೊರೆಸಿಕೊಂಡಳು.

"ಇನ್ನು ಇಪ್ಪತ್ತೊಂದು ದಿನ ಹೇಳೋ ಹಾಗಿಲ್ಲ ಸರ್!"